ಕೊನೆಯ ಮನೆಯ ಪಾಳಿ

“ಇವತ್ತಿಂದ ಪಾಳಿ ಕೆಳಗಿಂದ ಸುರು ಮಾಡೂಣು ಯಕ್ಕಾ,” ಎಂದಳು ದಾನಮ್ಮ, ಸುತ್ತಿಟ್ಟ ರಬ್ಬರ್ ಪೈಪಿನ ಮೇಲೆ ಒಂದು ಕಾಲಿಟ್ಟುಕೊಂಡು. “ಮ್ಯಾಲಿನ ಮನಿಗೆ ಮೊದಲು ಅಂಬೋದು ಇನ್ನ ಸಾಕು.”

ಶರಣಬಸಮ್ಮ ನಳದ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಹಗಲೆಲ್ಲ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸಿ ಬಂದವಳು. ಬೆರಳ ಸಂದಿಯಲ್ಲಿ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಸಂಜೆಯ ನೀರು ಬರಲು ಸ್ವಲ್ಪ ಹೊತ್ತಿತ್ತು. ಓಣಿಯ ಹೆಂಗಸರು ಕೊಡ ಇಟ್ಟುಕೊಂಡು ಅವಳ ಬಾಯಿ ನೋಡುತ್ತಿದ್ದರು. ಅವಳಿಗೋ ಅಲ್ಲೇ ಸೆರಗು ಹಾಸಿ ಮಲಗಿದರೆ ಸಾಕು ಅನ್ನಿಸುತ್ತಿತ್ತು.

“ಯಾಕ?” ಎಂದಳು, ಗೊತ್ತಿದ್ದೂ.

“ಯಾಕಂತ ನನ್ನ ಕೇಳ್ತಿ? ಮ್ಯಾಲ ಯಾರು ಬಂದು ಕುಂತಾರ, ಹೋಗಿ ನೋಡು.”

ನೋಡುವುದೇನು ಬಂತು. ಓಣಿಯ ತುದಿಯಲ್ಲಿ, ಕಲ್ಲುಗಣಿಯ ಅಂಚಿಗೆ ಅಂಟಿಕೊಂಡ ಕೊನೆಯ ಖೋಲಿಗೆ ಶಿವರಾಯ ಬಂದಿದ್ದಾನೆಂದು ಓಣಿಗೆಲ್ಲ ಗೊತ್ತಿತ್ತು. ಮಗ, ಸೊಸೆ, ಹಸಿಗೂಸು ಜೊತೆಗಿದ್ದರು. ಬಂದಾಗಿನಿಂದ ನಳದ ಕಡೆ ಯಾರೂ ಇಳಿದಿರಲಿಲ್ಲ. ಮಗ ಎಲ್ಲಿಂದಲೋ ಕ್ಯಾನಿನಲ್ಲಿ ನೀರು ಹೊರುತ್ತಿದ್ದ.

ಮುಂಬಯಿ ಪಕ್ಕದ ತುರ್ಭೆಯ ಈ ಗುಡ್ಡದ ಓಣಿಯಲ್ಲಿ ಇರುವವರೆಲ್ಲ ಒಂದೇ ಊರಿನವರು. ಕೃಷ್ಣೆಯ ದಂಡೆಯ ಗೆಜ್ಜಿಹಾಳ. ಊರಿನ ತೆಂಕಣಕ್ಕೆ ಹೊಳೆ, ಬಡಗಣಕ್ಕೆ ಕ್ಯಾನಾಲು, ನಡುವೆ ಮನೆಗಳು ಮತ್ತು ಕಪ್ಪು ಹೊಲಗಳು. ಶರಣಬಸಮ್ಮ ಸೊಸೆಯಾಗಿ ಹೋದಾಗ ಕ್ಯಾನಾಲು ಇರಲಿಲ್ಲ. ಆಮೇಲೆ ಯಂತ್ರಗಳು ಬಂದವು. ಎರಡು ಬೇಸಿಗೆ ಊರು ಧೂಳು ತಿಂದಿತು. ಮೊದಲ ನೀರು ಬಿಟ್ಟ ದಿನ ಹೆಂಗಸರು ಏರಿಯ ಮೇಲೆ ನಿಂತು ಅರಿಶಿನ ಕುಂಕುಮ ಎರಚಿದರು. ಹಾಗೆ ಎರಚಿದ ಕೈಗಳಲ್ಲಿ ಅವಳದೂ ಒಂದು.

ನೀರು ಮೊದಲು ಮುಟ್ಟುವುದು ತೂಬಿನ ಬಾಯಿಯ ಹೊಲಗಳಿಗೆ. ಶಿವರಾಯನವರದು ಅಲ್ಲೇ. ಅವರು ಭತ್ತ ಹಚ್ಚಿದರು, ವರ್ಷವಿಡೀ ಗದ್ದೆಯಲ್ಲಿ ಮೊಣಕಾಲು ನೀರು ನಿಲ್ಲಿಸಿದರು. ಕ್ಯಾನಾಲಿನ ನೀರು ಕೊನೆಗೆ ಮುಟ್ಟಬೇಕಾದ, ಹೊಳೆಯ ಕಡೆ ಇಳಿಯುವ ಬಾಲದ ಹೊಲಗಳಿಗೆ ಬಂದದ್ದು ಹಸಿಮಣ್ಣಿನ ವಾಸನೆ ಮಾತ್ರ. ಹೊಳೆ ಹತ್ತಿರವೇ ಇತ್ತು, ಆದರೆ ದಂಡೆಯಿಂದ ಆಳಕ್ಕಿತ್ತು. ಎಂಜಿನ್ ಇಲ್ಲದವರಿಗೆ ಅದು ಸಪ್ಪಳಕ್ಕಷ್ಟೇ. ಎರಡೂ ಕಡೆ ನೀರು ಹರಿಯುವುದನ್ನು ಕೇಳುತ್ತ ನಡುವಿನವರು ಜೋಳ ಒಣಗಿಸಿಕೊಂಡರು. ಒಂದು ಸಲ ಅವಳ ಗಂಡ ಮಾನಪ್ಪ ತೂಬಿನ ಬಾಯಿಗೆ ಅಡ್ಡ ಇಟ್ಟಿದ್ದ ಮಣ್ಣಿನ ಚೀಲಗಳನ್ನು ಕಿತ್ತೆಸೆಯಲು ಹೋದ. ಶಿವರಾಯ ಅವನ ಸಲಿಕೆ ಕಸಿದು ಕ್ಯಾನಾಲಿಗೆ ಒಗೆದ. “ನೀರು ಬೇಕೇನು? ಹೊಳಿ ಅದಲ್ಲ, ಹೋಗಿ ಕುಡಿ,” ಎಂದ. ಏರಿಯ ಮೇಲಿದ್ದವರೆಲ್ಲ ನಕ್ಕರು. ಬಾಲದ ಹೊಲದವರು ಒಬ್ಬೊಬ್ಬರಾಗಿ ರೈಲು ಹತ್ತಿದ್ದು ಅದರ ಮರುವರ್ಷದಿಂದ.

ಈ ಓಣಿಗೆ ಒಂದೇ ನಳ ಸಿಕ್ಕಾಗ ಪಾಳಿ ಕಟ್ಟಿದವನು ಮಾನಪ್ಪ. ನಳ ಗುಡ್ಡದ ಬುಡದಲ್ಲಿ. ಕೆಳಗಿನವರು ತುಂಬಿಕೊಳ್ಳುತ್ತ ಹೋದರೆ ಪ್ರೆಷರ್ ಇಳಿದು ಮೇಲಿನ ಖೋಲಿಗಳಿಗೆ ಹನಿಯೂ ಏರುವುದಿಲ್ಲ. ಅದಕ್ಕೇ ನೀರು ಬಂದ ಕೂಡಲೇ ಪೈಪು ಸೀದಾ ಕೊನೆಯ ಮನೆಗೆ ಹೋಗಬೇಕು, ಅಲ್ಲಿಂದ ಮನೆ ಮನೆ ಇಳಿಯುತ್ತ ಬರಬೇಕು. ಬೇರೆ ಓಣಿಯವರು ಇದನ್ನು ನೋಡಿ ನಗುತ್ತಿದ್ದರು. ನಳದ ಎದುರಿಗೇ ಮನೆಯಿದ್ದ ಮಾನಪ್ಪ ಎಲ್ಲರಿಗಿಂತ ಕೊನೆಗೆ ತುಂಬಿಕೊಳ್ಳುತ್ತಿದ್ದ. ಎಷ್ಟೋ ದಿನ ತುಂಬುತ್ತಲೇ ಇರಲಿಲ್ಲ. ಅವನು ತೀರಿಕೊಂಡ ಮೇಲೆ ನಳದ ಚಾವಿ ಶರಣಬಸಮ್ಮನ ಕೈಗೆ ಬಂತು.

“ಮಾನಪ್ಪಣ್ಣ ಇದ್ದಿದ್ರ ಅವನಿಗೆ ನೀರು ಕೊಡ್ತಿದ್ದನೇನು?” ದಾನಮ್ಮ ಬಿಡಲಿಲ್ಲ. “ಇಲ್ಲಿ ಸಮುದ್ರದ ಖಾಡಿ ಅದಲ್ಲ, ಹೋಗಿ ಕುಡಿಯಂತ ಹೇಳು. ಉಪ್ಪು ಹಾಕ್ಕೊಳ್ಳೂ ಜರೂರತ್ತಿಲ್ಲ.”

ಹೆಂಗಸರು ಕಿಸಕ್ಕನೆ ನಕ್ಕರು. ದಾನಮ್ಮನ ಮಗ ಜೈಭೀಮ ಟೆಂಪೊ ತೊಳೆಯುತ್ತಿದ್ದವನು ತಲೆಯೆತ್ತಿದ. “ಆಯೀ, ಗಾಂವ್ ಕಾ ಝಗಡಾ ಗಾಂವ್ ಮೇ ಛೋಡ್ ನಾ,” ಎಂದ, ಊರಿನ ಜಗಳ ಊರಲ್ಲೇ ಬಿಡು ಎಂದು.

“ನೀ ಸುಮ್ಮಕಿರು. ಕ್ಯಾನಾಲು ಅಂದ್ರ ಮೊಬೈಲಿನಾಗ ನೋಡಿದಾಂವ ನೀ.”

ಅಷ್ಟರಲ್ಲಿ ಗುಡ್ಡದ ಮೆಟ್ಟಿಲ ಮೇಲಿದ್ದವರು ಪಕ್ಕಕ್ಕೆ ಸರಿದರು. ಶಿವರಾಯ ಇಳಿದು ಬರುತ್ತಿದ್ದ. ಒಂದು ಕೈ ಗೋಡೆಗೆ, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕೊಡ. ಶರಣಬಸಮ್ಮನ ನೆನಪಿನಲ್ಲಿದ್ದ ಅಗಲ ಭುಜದ ಗಂಡಸು ಎಲ್ಲಿ, ಇವನೆಲ್ಲಿ. ಅಂಗಿ ಹೆಗಲಿನಿಂದ ಜೋತು ಬಿದ್ದಿತ್ತು. ನಳದಿಂದ ದೂರಕ್ಕೇ ನಿಂತ.

“ಶರಣಮ್ಮಾ, ಆರಾಮಿದ್ದಿ? ಪಾಳಿ ಹ್ಯಾಂಗ ಅಂತ ಕೇಳಾಕ ಬಂದೆ. ಮನ್ಯಾಗ ಬಾಣಂತಿ ಅದಾಳ.” ಸುತ್ತಲೂ ನೋಡಿದ. “ಮಾನಪ್ಪ ಎಲ್ಲಿ? ಕೆಲಸಕ್ಕ ಹೋಗ್ಯಾನೇನು?”



“ಹೋಗಿ ಭಾಳ ವರ್ಷ ಆತು,” ಎಂದಳು ಶರಣಬಸಮ್ಮ. “ಕಾವಿಳಿ ಜಡ್ಡು ಬಂದಿತ್ತು. ಮೈಯೆಲ್ಲ ಹಳದಿ ಆಗಿತ್ತು.”

ಶಿವರಾಯ ಕೊಡವನ್ನು ನೆಲಕ್ಕಿಟ್ಟ. ಮತ್ತೆ ಎತ್ತಿಕೊಂಡ. ಕೈಗಳಿಗೆ ಏನು ಮಾಡಬೇಕೋ ತಿಳಿಯದಂತಿತ್ತು. “ನನಗ ಗೊತ್ತಿರಲಿಲ್ಲ ತಾಯಿ,” ಎಂದ.

“ನಿನ್ನ ಭತ್ತದ ಗದ್ದಿ ಎಲ್ಲಿ ಬಿಟ್ಟು ಬಂದಿ, ಧಣಿ?” ದಾನಮ್ಮ ಹಿಂದಿನಿಂದ ಕೇಳಿದಳು.

“ಅದೇನು ಗದ್ದಿ ಈಗ. ನೀರು ನಿಂತು ನಿಂತು ಸವಳು ಬಿದ್ದದ. ಬೆಳ್ಳಗ ಉಪ್ಪು ಎದ್ದದ, ನೋಡಿದ್ರ ಹತ್ತಿ ಅರಳಿದಂಗ ಕಾಣ್ತದ.” ನಗಲು ನೋಡಿದ, ಆಗಲಿಲ್ಲ. “ನನ್ನ ಪಾಳಿ ಕಡೀಕಿಟ್ರೂ ನಡೀತದ.”

ಕಡೆಗೆ ಇಟ್ಟರೆ ಅವನ ಮನೆಗೆ ನೀರು ಏರುವುದೇ ಇಲ್ಲ ಎಂಬುದು ಅವನಿಗೆ ಗೊತ್ತಿಲ್ಲ, ಹೊಸಬ. ಓಣಿಗೆಲ್ಲ ಗೊತ್ತು. ಶರಣಬಸಮ್ಮ ಒಂದು ಹೂಂ ಅಂದರೆ ಮುಗಿಯಿತು. ಏರಿಯ ಮೇಲಿನ ಆ ನಗು ಅವಳಿಗೆ ಮರೆತಿರಲಿಲ್ಲ. ಸಲಿಕೆಯಿಲ್ಲದೆ ಮನೆಗೆ ಬಂದ ಮಾನಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದೂ ಮರೆತಿರಲಿಲ್ಲ. ಅವನಿದ್ದರೆ ಈಗ ಏನು ಮಾಡುತ್ತಿದ್ದ? ಅವಳಿಗೆ ತಿಳಿಯಲಿಲ್ಲ. ಜೊತೆಗೆ ಬಾಳಿದವಳಿಗೇ ತಿಳಿಯಲಿಲ್ಲ. ಪಾಳಿ ಕಟ್ಟಿದ ದಿನ ಅವನು ಬಾಲದವರಿಗೆ ಮೊದಲು ಎಂದಿದ್ದ, ಬಾಲದವರು ಯಾರು ಎಂದು ಹೇಳಿರಲಿಲ್ಲ.

ನಳ ಕೆಮ್ಮಿತು. ಗಾಳಿ ಬಂತು, ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು.

“ಕಾಲು ತೆಗಿ ದಾನಿ,” ಎಂದಳು ಶರಣಬಸಮ್ಮ.

“ಯಕ್ಕಾ, ನಿನಗ ನಾಚಿಕಿ ಆಗಲ್ಲೇನು?”

“ಆಗ್ತದ. ಕಾಲು ತೆಗಿ.”

ದಾನಮ್ಮ ತೆಗೆಯಲಿಲ್ಲ. ಶರಣಬಸಮ್ಮ ಬಗ್ಗಿದಳು, ಸೊಂಟ ಹಿಡಿಯಿತು, ಆದರೂ ಬಗ್ಗಿ ದಾನಮ್ಮನ ಹಿಮ್ಮಡಿಯನ್ನು ಎರಡು ಕೈಯಿಂದ ಎತ್ತಿ ಪಕ್ಕಕ್ಕಿಟ್ಟಳು, ಕೂಸಿನ ಕಾಲು ಎತ್ತಿಟ್ಟಂತೆ. ದಾನಮ್ಮ ಬೆಪ್ಪಾಗಿ ನಿಂತಳು. ಪೈಪಿನ ಬುಡವನ್ನು ನಳಕ್ಕೆ ಸಿಕ್ಕಿಸಿ ಶರಣಬಸಮ್ಮ ತುದಿಯನ್ನು ಶಿವರಾಯನ ಕೈಗೆ ಕೊಟ್ಟಳು. “ಎಳ್ಕೊಂಡು ಹೋಗು. ಇಲ್ಲಿ ಕಡೀ ಮನಿಯವರದೇ ಮೊದಲು. ತುಂಬಿದ ಮ್ಯಾಲ ಕೂಗು.”

ಅವನು ಪೈಪು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ತಿರುವಿನಲ್ಲೆಲ್ಲ ಸಿಕ್ಕಿಕೊಳ್ಳುತ್ತಿತ್ತು, ಬಿಡಿಸಲು ಯಾರೂ ಹೋಗಲಿಲ್ಲ, ಅವನೇ ಇಳಿದು ಬಂದು ಬಿಡಿಸಿಕೊಂಡು ಮತ್ತೆ ಹತ್ತುತ್ತಿದ್ದ. ಮೇಲಿನಿಂದ ಕೊಡ ತುಂಬುವ ಸದ್ದು ಬಂತು. ಆಮೇಲೆ ಬಕೆಟ್ಟಿನದು. ಅದರ ಹಿಂದೆ ಕೂಸಿನ ಅಳು.

“ಈಗ ನೋಡು, ಡ್ರಮ್ಮೂ ತುಂಬ್ತಾನ, ಬಿಡಂಗಿಲ್ಲ,” ಎಂದಳು ದಾನಮ್ಮ.

“ಆತು, ಮುಂದಿನವರು ಬರ್ರಿ,” ಎಂದು ಮೇಲಿನಿಂದ ಕೂಗು ಬಂತು.

ಮುಂದಿನ ಪಾಳಿ ದಾನಮ್ಮನದು. ಅವಳ ಖೋಲಿ ಮೇಲಿನಿಂದ ಎರಡನೆಯದು, ಪಾಳಿ ಕೆಳಗಿಂದ ಸುರುವಾಗಿದ್ದರೆ ಅವಳಿಗೂ ನೀರು ಏರುತ್ತಿರಲಿಲ್ಲ. ಅವಳು ಅಲುಗಲಿಲ್ಲ. ಶಿವರಾಯ ಪೈಪನ್ನು ಅವಳ ಹೊಸ್ತಿಲ ತನಕ ತಂದು, ನೀರು ಚರಂಡಿಗೆ ಹೋಗದಂತೆ ಹೆಬ್ಬೆರಳಿನಿಂದ ಬಾಯಿ ಒತ್ತಿ ಹಿಡಿದು ಕೂತಿದ್ದ. ಬೆರಳಿನ ಎರಡೂ ಬದಿಯಿಂದ ನೀರು ಚಿಮ್ಮಿ ಅವನ ಅಂಗಿ ತೋಯುತ್ತಿತ್ತು.

“ಬರ್ರಿ,” ಎಂದ ಮತ್ತೊಮ್ಮೆ, ಸಣ್ಣ ದನಿಯಲ್ಲಿ.

ಶರಣಬಸಮ್ಮ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದ್ದಳು. ಬಹಳ ಹೊತ್ತಾದ ಮೇಲೆ ಪಕ್ಕದಲ್ಲಿ ಕಾಲುಂಗುರದ ಸದ್ದಾಯಿತು. ಕಣ್ಣು ತೆರೆದಾಗ ದಾನಮ್ಮ ಮೆಟ್ಟಿಲು ಹತ್ತುತ್ತಿದ್ದಳು, ಹತ್ತಿ ಹೋಗಿ ಮುಖ ಗಣಿಯ ಕಡೆ ತಿರುಗಿಸಿಕೊಂಡೇ ಕೊಡವನ್ನು ಅವನ ಮುಂದೆ ಕುಕ್ಕಿದಳು. ಅವನು ಬೆರಳು ತೆಗೆದ.