ಹವಳಕ್ಕೆ ಹತ್ತಿದ ಬಿಳುಪು

ರೇಷ್ಮೆಗೂಡು ಬೇಯುವ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಶಿಡ್ಲಘಟ್ಟದಲ್ಲೇ ಹುಟ್ಟಿದ ನನಗೆ ಅದು ಬೆಳಗಾಯಿತೆಂಬ ಗುರುತು. ಚಿಕ್ಕಂದಿನಲ್ಲಿ ಆ ವಾಸನೆ ಕಿಟಕಿಯೊಳಗೆ ಬಂದ ಮೇಲೆಯೇ ಅಮ್ಮ ನನಗೆ ಜಡೆ ಹಾಕಲು ಕೂರುತ್ತಿದ್ದಳು. ಮುಂದೆ ಇದೇ ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಗ, ಗುಲ್ಷನ್ ಎಂಬ ಹುಡುಗಿ ತರಗತಿಗೆ ಬಂದರೆ ಆ ವಾಸನೆ ಅವಳಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಅವಳ ತಂದೆ ಬಾಬಾಜಾನ್ ಮನೆಯ ಹಿಂದೆಯೇ ನೂಲು ತೆಗೆಸುತ್ತಿದ್ದರು.

"ಮೇಡಂ, ಸಮುದ್ರದ ವಾಸನೆ ಹೇಗಿರತ್ತೆ?" ಎಂದು ಒಮ್ಮೆ ಕೇಳಿದಳು.

"ಸಂತೇಲಿ ಒಣಮೀನು ಮಾರೋರ ಮುಂದೆ ನಿಂತಿರ್ತೀಯಲ್ಲ, ಹೆಚ್ಚೂಕಡಿಮೆ ಹಾಗೇ."

"ಅಯ್ಯೋ, ಅಷ್ಟೇನಾ? ನಮ್ಮನೇದೇ ಮೇಲು ಬಿಡಿ!" ಎಂದು ನಕ್ಕಳು. ಆದರೂ ಅವಳ ನೋಟುಪುಸ್ತಕದ ಕೊನೆಯ ಹಾಳೆಗಳ ತುಂಬ ಅಲೆಗಳ ಚಿತ್ರವೇ ಇರುತ್ತಿತ್ತು.

೧೯೯೮ರ ತಾಲ್ಲೂಕು ವಿಜ್ಞಾನ ಪ್ರದರ್ಶನದಲ್ಲಿ ಗೆದ್ದವರನ್ನು ನಾಲ್ಕು ದಿನದ ಶಿಬಿರಕ್ಕೆ ಮಂಗಳೂರಿಗೆ ಕಳಿಸುತ್ತಾರೆ ಎಂದು ತಿಳಿದಾಗ ಗುಲ್ಷನ್ ನಿದ್ದೆ ಬಿಟ್ಟಳು. ಆ ಬೇಸಿಗೆಯಲ್ಲಿ ಸಮುದ್ರದ ನೀರು ವಾರಗಟ್ಟಲೆ ಬಿಸಿಯಾಗಿ, ಲಕ್ಷದ್ವೀಪದ ಸುತ್ತ ಹವಳಗಳು ಬಿಳಿಚಿಕೊಂಡಿದ್ದವು. ಪತ್ರಿಕೆಯಲ್ಲಿ ಬಂದಿದ್ದ ಆ ಸುದ್ದಿಯನ್ನು ನಾನು ತರಗತಿಯಲ್ಲಿ ಓದಿ ಹೇಳಿದ್ದೆ. ಅದನ್ನೇ ಅವಳು ಹಿಡಿದುಕೊಂಡಳು.

ಸೀಬೆಯ ಕೊಂಬೆಗಳಿಗೆ ತೂತುಬಿದ್ದ ರೇಷ್ಮೆಗೂಡು ಅಂಟಿಸಿ ಹವಳ ಮಾಡಿದಳು. ಒಂದು ಕೊಂಬೆಗೆ ನಮ್ಮ ಕಡೆಯ ಮಾಮೂಲಿ ಹಳದಿ ಗೂಡು. ಅದು ಆರೋಗ್ಯವಾಗಿರುವ ಹವಳ. ಇನ್ನೊಂದಕ್ಕೆ ಅಪ್ಪನನ್ನು ಕಾಡಿ ತಂದ ಬಿಳಿ ಗೂಡು. ಅದು ಬಿಸಿ ತಾಗಿದ ಹವಳ. ನೋಡಲು ಎಷ್ಟು ಚೆಂದವಿತ್ತೆಂದರೆ ನನಗೂ ಎಡವಟ್ಟು ಹೊಳೆಯಲಿಲ್ಲ.

ಪ್ರದರ್ಶನದ ದಿನ ಗೂಡಿನ ಮಾರುಕಟ್ಟೆ ಮುಗಿಸಿಕೊಂಡ ರೈತರೂ ಒಳಗೆ ನುಗ್ಗಿದ್ದರು. ತೀರ್ಪುಗಾರರು ಚೆನ್ನರಾಯಪ್ಪ ಮೇಷ್ಟ್ರು; ನಿವೃತ್ತರಾದ ಮೇಲೆ ಹಿಪ್ಪುನೇರಳೆ ತೋಟ ಮಾಡಿಕೊಂಡಿದ್ದವರು. ಗುಲ್ಷನ್ ಉಸಿರು ಬಿಡದೆ ಎಲ್ಲ ಒಪ್ಪಿಸಿದಳು.

ಮೇಷ್ಟ್ರು ಬಿಳಿ ಕೊಂಬೆ ಸವರಿದರು. "ಅಂದ್ರೆ, ಬಿಸಿ ಆದ್ರೆ ಹಳದಿ ಹೋಗಿ ಹಿಂಗೆ ಫಸ್ಟ್ ಕ್ಲಾಸ್ ಬಿಳಿ ಆಗತ್ತೆ. ಒಳ್ಳೇದೇ ಆಯ್ತಲ್ಲಮ್ಮ!"

"ಬಿಳೀದಕ್ಕೇ ರೇಟು ಜಾಸ್ತಿ ಕಣ್ರೀ," ಎಂದರು ಹಿಂದಿನಿಂದ ಯಾರೋ. "ನಮ್ ಮನೆಗೂ ಒಂದಿಷ್ಟು ಬಿಸಿ ಕಳಿಸಮ್ಮ!"

ಎಲ್ಲರೂ ನಕ್ಕರು. ಗುಲ್ಷನ್ ಮುಖ ಕೆಂಪಾಯಿತು. "ಇಲ್ಲ ಸಾರ್, ಅದು ಕಾಯಿಲೆ..." ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಮೇಷ್ಟ್ರು ಆಗಲೇ ಪಕ್ಕದ ಮೇಜಿನತ್ತ ತಿರುಗಿದ್ದರು. ಮಂಗಳೂರು ಕೈತಪ್ಪಿತು ಎಂದುಕೊಂಡೆ.

"ಒಸಿ ನಿಂತ್ಕಳಿ ಮೇಷ್ಟ್ರೇ." ಗೂಡು ಮಾರಲು ಬಂದಿದ್ದ ಕದಿರಮ್ಮ, ಅರವತ್ತು ದಾಟಿದ ಹೆಂಗಸು, ಕಂಕುಳಲ್ಲಿ ಬುತ್ತಿಗಂಟು. "ಆ ಹುಡುಗಿ ಬಾಯಲ್ಲಿ ಒಂದು ಹೇಳ್ತೈತೆ, ನೀವು ಕಣ್ಣಲ್ಲಿ ಒಂದು ನೋಡ್ತಿದ್ದೀರ. ಅಮ್ಮಣ್ಣಿ, ಆ ಹವಳ ಅನ್ನೋದು ಗೂಡಾ, ಹುಳಾನಾ?"

"ಹುಳಾನೇ ಅಜ್ಜಿ. ಸಣ್ಣ ಸಣ್ಣ ಜೀವ, ಲಕ್ಷಾಂತರ."

"ನೋಡಿ ಮತ್ತೆ! ಇದು ಗೂಡಿನ ಬಿಳುಪಲ್ಲ. ಸುಣ್ಣಕಟ್ಟು ಬಂದು ಸತ್ತ ಹುಳ ಬೆಳ್ಳಗಾಗಲ್ವಾ, ಆ ಬಿಳುಪು."

ನಗು ನಿಂತಿತು. ಆ ರೋಗದಲ್ಲಿ ಹುಳು ಸತ್ತು ಸೀಮೆಸುಣ್ಣದ ಹಾಗೆ ಬಿರುಸಾಗುವುದನ್ನು ಅಲ್ಲಿದ್ದವರೆಲ್ಲ ಬಲ್ಲರು.

ಗುಲ್ಷನ್‌ಗೆ ದಾರಿ ಸಿಕ್ಕಿತು. "ಇವು ಇನ್ನೂ ಸತ್ತಿಲ್ಲ ಅಜ್ಜಿ, ಹಸಿದಿವೆ. ಇವುಗಳ ಮೈಯೊಳಗೆ ಪುಟಾಣಿ ಪಾಚಿ ಇರತ್ತೆ. ಬಣ್ಣಾನೂ ಅದೇ, ಊಟಾನೂ ಅದೇ. ನೀರು ಒಂದೆರಡು ಡಿಗ್ರಿ ಏರಿ ಹಾಗೇ ನಿಂತ್ರೆ ಪಾಚೀನ ಹೊರಗೆ ಹಾಕ್ತವೆ. ಆಮೇಲೆ ಹವಳದ ಸಂದೀಲಿ ಬದುಕೋ ಮೀನುಗಳಿಗೂ ನೆಲೆ ಇಲ್ಲ."

"ಒಂದೆರಡು ಡಿಗ್ರೀಗೇ?" ಎಂದರು ಮೇಷ್ಟ್ರು.

"ಹುಳುಮನೇಲಿ ಅಷ್ಟು ಏರಿದ್ರೆ ನಿಮ್ ಹುಳ ಸೊಪ್ಪು ಮುಟ್ತವಾ?" ಕದಿರಮ್ಮ ಕೇಳಿದಳು.

ಮೇಷ್ಟ್ರು ತಲೆ ಕೆರೆದುಕೊಂಡರು. "ನಾವು ಗೋಣಿತಟ್ಟು ನೆನೆಸಿ ಕಟ್ಟಿ ತಂಪು ಮಾಡ್ತೀವಿ. ಸಮುದ್ರಕ್ಕೆ ಎಲ್ಲಿಂದ ತರೋಣಮ್ಮ ಅಷ್ಟು ಗೋಣೀನ?"

"ಅದಕ್ಕೇ ಸಾರ್, ಬಿಸಿ ಆಗದ ಹಾಗೆ ನೋಡ್ಕೋಬೇಕು. ಬೇಗ ತಣ್ಣಗಾದ್ರೆ ಪಾಚಿ ವಾಪಸ್ ಬರತ್ತೆ, ಬಣ್ಣಾನೂ ಬರತ್ತೆ."

ಗೋಣಿಯ ಮಾತಿಗೆ ಜನ ಮತ್ತೆ ನಕ್ಕಿದ್ದರು; ಈ ಸಲದ ನಗೆಯಲ್ಲಿ ಕುಹಕವಿರಲಿಲ್ಲ. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಅವಳ ಹೆಸರಿನ ಕಾಗುಣಿತ ಎರಡು ಸಲ ಕೇಳಿ ಬರೆದುಕೊಂಡರು. "ಮಂಗಳೂರಲ್ಲಿ ಹೇಳುವಾಗ ಸುಣ್ಣಕಟ್ಟಿನಿಂದಲೇ ಶುರು ಮಾಡು," ಎಂದರು.

ಗುಲ್ಷನ್ ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳು ನಡುಗುತ್ತಿದ್ದವು. ಸಂತೋಷಕ್ಕೆ ಎಂದುಕೊಂಡೆ. ಬೆಳಗಿನಿಂದ ಅವಳು ಏನೂ ತಿಂದಿಲ್ಲವೆಂಬುದು ಕದಿರಮ್ಮನ ಕಣ್ಣಿಗೆ ಮಾತ್ರ ಬಿದ್ದಿತ್ತು. ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಹೊರಟವಳು ತಿರುಗಿ ಬಂದಳು. ಕಂಕುಳಿನ ಗಂಟು ಬಿಚ್ಚಿ, ಎರಡು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಗುಲ್ಷನ್ ಕೈಗಿಟ್ಟು, ಖಾಲಿ ಬಟ್ಟೆ ಕೊಡವಿಕೊಂಡು ಬಸ್ಸಿನ ಕಡೆ ನಡೆದಳು.