ಗಂಟು ಕಟ್ಟಿದವರಿಗೆ

ಹೋಟೆಲ್ ಯಜಮಾನನಿಗೆ ಜೀವಮಾನದಲ್ಲಿ ಮೊದಲ ಸಲ ಟಿಪ್ಸ್ ಬಂದದ್ದು ಒಂದು ಮಧ್ಯಾಹ್ನ, ಅವನು ಮುಂಗೈ ತುಂಬ ಸೂಪು ಮೆತ್ತಿಕೊಂಡು ಪಾರ್ಸೆಲ್ ಮೇಜಿನ ಮುಂದೆ ಒದ್ದಾಡುತ್ತಿದ್ದಾಗ.

ಪಾರ್ಸೆಲ್ ಕಟ್ಟುವುದು ಅವನ ಕೆಲಸವಲ್ಲ. ಆದರೆ ಆ ಮೇಜಿನ ಹತ್ತಿರ ಯಾರೂ ನಿಲ್ಲುತ್ತಿರಲಿಲ್ಲ. ವರ್ಷದೊಳಗೆ ಇಬ್ಬರು ಬಂದು ಹೋಗಿದ್ದರು. ಮೂರನೆಯವಳು, ಎಡಗೈಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಎಲ್ಲರೂ ಎಡಚಮ್ಮ ಎಂದು ಕರೆಯುತ್ತಿದ್ದವಳು, ಹೋದ ವಾರ "ಮನೇಲಿ ಕೆಲಸ ಜಾಸ್ತಿ" ಎಂದು ಹೇಳಿ ಏಪ್ರನ್ ಮಡಚಿಟ್ಟು ಹೋಗಿದ್ದಳು. ಒಳಗೆ ಕೂತು ಉಣ್ಣುವವರಿಗಿಂತ ಕಟ್ಟಿಸಿಕೊಂಡು ಹೋಗುವವರೇ ಹೆಚ್ಚಾಗಿದ್ದ ಕಾಲ. ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಗಿರಾಕಿಗಳು ಫೋನಿನಲ್ಲಿ ಹೇಳಿ, ಫುಟ್‌ಪಾತಿಗೆ ಒತ್ತಿ ಗಾಡಿ ನಿಲ್ಲಿಸಿ, ಇಂಡಿಕೇಟರ್ ಮಿನುಗಿಸುತ್ತ ಕಿಟಕಿ ಇಳಿಸುವರು. ಒಳಗಿನಿಂದ ಪೊಟ್ಟಣ ಹಿಡಿದು ಓಡುವವಳು ಓಟದಕ್ಕ. ಐವತ್ತರ ಹೆಂಗಸು, ಅವಳು ನಡೆಯುವುದನ್ನು ಯಾರೂ ಕಂಡವರಿಲ್ಲ.

ಆವತ್ತು ಅವಳು ಹೊರಗಿನಿಂದ ಬಂದವಳೇ ಒಂದು ನೋಟನ್ನು ಮೇಜಿನ ಮೇಲಿಟ್ಟಳು.

"ತಗೊಳ್ಳಿ ಯಜಮಾನ್ರೇ, ನಿಮಗೆ."

"ಇದೇನು, ಬಿಲ್ ಆಗಲೇ ಕೊಟ್ಟಿದ್ದಾರಲ್ಲ?"

"ಬಿಲ್ ಅಲ್ಲ. ಟಿಪ್ಸು. ಆ ಪಿಕಪ್ ಗಾಡಿ ಡ್ರೈವರ್ ಕೊಟ್ಟ. ನಾನು ಜೇಬಿಗೆ ಹಾಕ್ಕೋಬೇಕು ಅನ್ನೋಷ್ಟರಲ್ಲಿ, 'ಇದು ನಿಮಗಲ್ಲಮ್ಮ, ಗಂಟು ಕಟ್ಟಿದವರಿಗೆ' ಅಂದ. ಒತ್ತಿ ಒತ್ತಿ ಹೇಳಿದ. ನನಗೆ ಬೇರೆ ಕೊಟ್ಟ, ಅದು ಬೇರೆ ಮಾತು."

ಯಜಮಾನ ಕೈ ಒರೆಸಿಕೊಂಡು ನೋಟನ್ನು ಎತ್ತಿಕೊಂಡ. ಅಂಥ ನೋಟುಗಳನ್ನು ದಿನಾ ರಾಶಿಗಟ್ಟಲೆ ಮುಟ್ಟುವ ಕೈ ಅದು. ಆದರೂ ಇದು ಬೇರೆಯಾಗಿ ಕಂಡಿತು. ಗಲ್ಲಾಪೆಟ್ಟಿಗೆಗೆ ಹಾಕೋಣವೆಂದು ನಾಲ್ಕು ಹೆಜ್ಜೆ ಹೋದವನು ಏನೋ ಅನ್ನಿಸಿ ಅಂಗಿಯ ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನದ ಗಲಾಟೆ ಇಳಿದ ಮೇಲೆ ಎಲ್ಲರೂ ಅಡುಗೆಮನೆಯ ಪಕ್ಕದ ಬೆಂಚಿನಲ್ಲಿ ಊಟಕ್ಕೆ ಕೂತಾಗ ವಿಷಯ ಎತ್ತಿದ.

"ಅಲ್ಲ, ಪಾರ್ಸೆಲ್‌ಗೆ ಟಿಪ್ಸ್ ಕೊಡ್ಬೇಕು ಅಂತ ಏನಾದ್ರೂ ಇದೆಯಾ?"

"ಎಲ್ಲಾದ್ರೂ ಉಂಟಾ?" ಎಂದ ಹಿರಿಯ ಸಪ್ಲೈಯರ್. ಅವನ ಕೂದಲೆಲ್ಲ ಇದೇ ಹೋಟೆಲಿನಲ್ಲಿ ಬೆಳ್ಳಗಾದದ್ದು. "ಕೂತವರಿಗೆ ನೀರು ಕೊಟ್ಟು, ಬೇಕಾದ್ದು ಕೇಳಿ, ಮಗು ಚೆಲ್ಲಿದ್ದನ್ನ ಒರೆಸಿ, ನಗ್‌ನಗ್ತಾ ಕಳಿಸ್ತೀವಲ್ಲ, ಅದಕ್ಕೆ ಕೊಡೋದು ಟಿಪ್ಸು. ಡಬ್ಬಿ ಎತ್ಕೊಂಡು ಹೋಗೋರು ಯಾಕೆ ಕೊಡ್ತಾರೆ?"

"ನನಗೆ ಕೊಡ್ತಾರಪ್ಪ," ಎಂದಳು ಓಟದಕ್ಕ. "ಆದ್ರೆ ಎಲ್ಲರೂ ಅಲ್ಲ. ಕಿಟಕಿ ಪೂರ್ತಿ ಇಳಿಸೋರು ಕೊಡ್ತಾರೆ. ಅರ್ಧ ಇಳಿಸೋರು ಕೈ ಮಾತ್ರ ಹೊರಗೆ ಹಾಕ್ತಾರೆ, ಮುಖ ಆ ಕಡೆ. ಮಳೆ ಬಂದ್ರೆ ಅವರೂ ಕೊಡ್ತಾರೆ."

"ನೀವು ಬೇರೆ ಕಡೆ ಪಾರ್ಸೆಲ್ ತರುವಾಗ ಕೊಡ್ತೀರಾ?" ಎಂದು ಹೆಂಡತಿ ಗಲ್ಲಾದಿಂದಲೇ ಕೇಳಿದಳು. ಅವಳ ಕಿವಿ ಎಲ್ಲಿರುತ್ತದೋ ಹೇಳಲಾಗದು.

ಯಜಮಾನ ಯೋಚಿಸಿದ. ಒಂದು ಸಲವೂ ಕೊಟ್ಟ ನೆನಪಿಲ್ಲ. ಚಿಲ್ಲರೆ ಎಣಿಸಿ ತೆಗೆದುಕೊಂಡದ್ದು ಮಾತ್ರ ಚೆನ್ನಾಗಿ ನೆನಪಿತ್ತು.

"ಯಜಮಾನರಿಗೆ ಟಿಪ್ಸ್ ಬಂದ್ರೆ ಅದು ನಮಗೆ ಸೇರ್ಬೇಕಪ್ಪ," ಎಂದು ಸಪ್ಲೈಯರ್ ನಗೆಯಾಡಿದ. ನಗುವಿನ ಅಡಿಯಲ್ಲಿ ಅರ್ಧದಷ್ಟು ನಿಜವೂ ಇತ್ತು.

ಮರುದಿನವೂ ಬಂತು. ಅದರ ಮರುದಿನವೂ. ಅದೇ ಪಿಕಪ್ ಗಾಡಿ, ಅದೇ ಮಾತು. ಯಜಮಾನನ ತಲೆಗೆ ಹುಳ ಬಿಟ್ಟಂತಾಯಿತು. ತಾನು ಕಟ್ಟುವ ಗಂಟಿನಲ್ಲಿ ಅಂಥದ್ದೇನಿದೆ ಎಂದು ದಾರ ಸುತ್ತುವಾಗ ತನ್ನ ಕೈಯನ್ನೇ ನೋಡತೊಡಗಿದ. ಡಬ್ಬಿಗಳನ್ನು ಒಂದರ ಮೇಲೊಂದಿಟ್ಟು, ದಪ್ಪ ಕಾಗದ ಸುತ್ತಿ, ಹುರಿದಾರವನ್ನು ಅಡ್ಡಕ್ಕೂ ಉದ್ದಕ್ಕೂ ಎಳೆದು, ಮೇಲೆ ಒಂದು ಕುಣಿಕೆ ಬಿಟ್ಟು ಬಿಗಿಯುವುದು. ಕೊನೆ ಹಿಡಿದು ಒಮ್ಮೆ ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಎಡಚಮ್ಮ ಕಟ್ಟುವುದನ್ನು ನೋಡಿ ನೋಡಿ ಕಲಿತದ್ದು. ಅವಳು ಹೋದ ಮೇಲೆ ಗತಿಯಿಲ್ಲದೆ ಕೈಗೆ ಬಂದಿತ್ತು.

ನಾಲ್ಕನೆಯ ದಿನ ಪೊಟ್ಟಣವನ್ನು ಓಟದಕ್ಕನ ಕೈಗೆ ಕೊಡಲಿಲ್ಲ. ತಾನೇ ಹಿಡಿದು ಫುಟ್‌ಪಾತಿಗೆ ಹೋದ.

ಡ್ರೈವರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಓಹೋ, ನೀವೇನಾ ಗಂಟಿನವರು? ಹೆಂಗಸು ಅಂತ ಅಂದ್ಕೊಂಡಿದ್ವಿ."

"ನಾನೇ. ಒಂದು ಕೇಳ್ಲಾ? ನೀವು ದಿನಾ ಯಾಕೆ ಕೊಡ್ತೀರಿ?"

"ಕೊಡೋದು ನಾನಲ್ಲಣ್ಣ. ಮೇಲಿನವರು."

"ಮೇಲಿನವರು ಅಂದ್ರೆ? ಮ್ಯಾನೇಜರಾ?"

"ಛೆ, ಮ್ಯಾನೇಜರ್ ಕೊಡೋ ಆಸಾಮಿನಾ? ಇನ್ನೂ ಮೇಲೆ." ಡ್ರೈವರ್ ಬೆರಳನ್ನು ಆಕಾಶದ ಕಡೆ ಮಾಡಿದ.

ಯಜಮಾನ ಕತ್ತೆತ್ತಿ ನೋಡಿದ. ಮೋಡ ಬಿಟ್ಟರೆ ಏನೂ ಇರಲಿಲ್ಲ. "ದೇವರಾ?"

ಡ್ರೈವರ್ ಸ್ಟೀರಿಂಗ್ ಬಡಿದು ನಕ್ಕ. "ಕ್ರೇನಿನ ಮೇಲಿರೋರು, ಅಣ್ಣ! ಬನ್ನಿ, ಹತ್ತಿ, ತೋರಿಸ್ತೀನಿ. ಹಿಂದೆ ಹಾರನ್ ಹೊಡೀತಿದ್ದಾರೆ."

ಏಪ್ರನ್ ಬಿಚ್ಚುವುದನ್ನೂ ಮರೆತು ಯಜಮಾನ ಗಾಡಿ ಹತ್ತಿದ. ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡ. ಗಾಡಿ ತಿರುವಿನಲ್ಲಿ ವಾಲಿದಾಗಲೆಲ್ಲ ಸೂಪು ಚೆಲ್ಲಿತೇನೋ ಎಂದು ಅಡಿಯಲ್ಲಿ ಕೈಯಾಡಿಸಿ ನೋಡಿದ. ತನ್ನ ಅಡುಗೆ ಹೊಸ್ತಿಲು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆಂದು ಅವನು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ.

ದೊಡ್ಡ ಕಟ್ಟಡವೊಂದು ಅರ್ಧ ಎದ್ದು ನಿಂತಿತ್ತು. ಅದರ ಪಕ್ಕದಲ್ಲಿ ಕಟ್ಟಡವನ್ನೂ ಮೀರಿಸಿದ ಹಳದಿ ಕ್ರೇನು. ಡ್ರೈವರ್ ಅವನ ತಲೆಗೊಂದು ಹೆಲ್ಮೆಟ್ ಹಾಕಿ ಬೇಲಿಯ ಪಕ್ಕ ನಿಲ್ಲಿಸಿದ. ಮೇಲಿನ ಗಾಜಿನ ಗೂಡಿನಿಂದ ತೆಳ್ಳನೆಯ ಹಗ್ಗವೊಂದು ತೂಗಾಡುತ್ತ ಕೆಳಗಿಳಿಯಿತು. ತುದಿಯಲ್ಲಿ ಕೊಕ್ಕೆ. ಡ್ರೈವರ್ ದಾರದ ಕುಣಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ ಹಗ್ಗ ಜಗ್ಗಿದ. ಪೊಟ್ಟಣ ಮೇಲೇರತೊಡಗಿತು.

ಯಜಮಾನ ಉಸಿರು ಬಿಗಿಹಿಡಿದು ನೋಡಿದ. ಗಾಳಿಗೆ ಅದು ಗಿರ್ರನೆ ತಿರುಗಿತು. ಒಮ್ಮೆ ಕಬ್ಬಿಣದ ಪಟ್ಟಿಗೆ ಬಡಿಯಿತು, ಮತ್ತೆ ತೂಗಿತು. ತಾನು ಕಟ್ಟಿದ ಗಂಟು ಆಕಾಶದಲ್ಲಿ ಓಲಾಡುವುದನ್ನು ನೋಡಿ, ಬಿದ್ದರೆ ಹಿಡಿಯುವವನಂತೆ ಎರಡೂ ಕೈ ಚಾಚಿದ. ಕೊನೆಗೆ ಗೂಡಿನಿಂದ ಒಂದು ಕೈ ಹೊರಬಂದು ಅದನ್ನು ಒಳಗೆ ಎಳೆದುಕೊಂಡಾಗ, ಪರೀಕ್ಷೆ ಪಾಸಾದವನಂತೆ ಉಸಿರುಬಿಟ್ಟ.

ಡ್ರೈವರ್ ವಾಕಿಟಾಕಿಯಲ್ಲಿ, "ಅಕ್ಕಾ, ಗಂಟಿನವರನ್ನ ಕರ್ಕೊಂಡು ಬಂದಿದ್ದೀನಿ," ಎಂದು ಹೇಳಿ ಅದನ್ನು ಯಜಮಾನನ ಕೈಗಿತ್ತ.

ಕರಕರ ಸದ್ದಿನ ನಡುವೆ ಒಂದು ಹೆಂಗಸಿನ ದನಿ ಕೇಳಿತು. "ನಮಸ್ಕಾರ. ನೋಡೋಣ, ಸ್ವಲ್ಪ ಈಚೆ ಬನ್ನಿ. ಹಾಂ, ಬಿಳಿ ಏಪ್ರನ್. ಕಂಡ್ರಿ."

"ನಮಸ್ಕಾರಮ್ಮ. ನೀವು ಊಟಕ್ಕೆ ಕೆಳಗೆ ಇಳಿಯಲ್ವಾ?"

"ಇಳಿದು ಹತ್ತೋಷ್ಟರಲ್ಲಿ ಊಟದ ಹೊತ್ತೇ ಮುಗಿದಿರುತ್ತೆ. ಮೊದಲು ಬೇರೆ ಹೋಟೆಲಿಂದ ತರಿಸ್ತಿದ್ದೆ. ಒಂದು ದಿನ ಚೀಲದ ಹಿಡಿ ಕಿತ್ತು ಪೂರ್ತಿ ಸೂಪು ಇಂಜಿನಿಯರ್ ಸಾಹೇಬರ ಮೇಲೆ ಬಿತ್ತು. ಪುಣ್ಯಕ್ಕೆ ಆರಿಹೋಗಿತ್ತು."

ಡ್ರೈವರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಅದು ಸರಿ. ಆದ್ರೆ ಕಾಣದೇ ಇರೋರಿಗೆ ಟಿಪ್ಸ್ ಕೊಡ್ಬೇಕು ಅಂತ ನಿಮಗೆ ಯಾಕೆ ಅನ್ನಿಸ್ತು?" ಯಜಮಾನ ಕೇಳಿಯೇಬಿಟ್ಟ.

ಆಕೆಯ ಮಾತು ಅಸ್ಪಷ್ಟವಾಗಿ ಬಂತು. ಅನ್ನ ಬಾಯಲ್ಲಿತ್ತೇನೋ. "ನಿಜ ಹೇಳ್ಬೇಕು ಅಂದ್ರೆ, ತಿಂಗಳುಗಟ್ಟಲೆ ಅನ್ನಿಸಲೇ ಇಲ್ಲ ನೋಡಿ. 'ಹೋಟೆಲಿನವರಿಗೆ ಕೊಡು' ಅಂತ ಸುಮ್ನೆ ಕೊಟ್ಟು ಕಳಿಸ್ತಿದ್ದೆ, ಗಾಡಿ ಹತ್ರ ಬರೋರಿಗೆ ಸಿಕ್ತಿತ್ತು. ಹೋದ ವಾರ ಒಂದು ದಿನ ಗಂಟು ಬಿಚ್ಚೋಕೆ ಹೋದ್ರೆ ಕೊನೆ ಸಿಗ್ತಿಲ್ಲ! ಯಾವಾಗ್ಲೂ ಎಡಕ್ಕೆ ಇರ್ತಿತ್ತು, ಆವತ್ತು ಬಲಕ್ಕೆ ಬಂದಿತ್ತು. ಆಗ ಹೊಳೀತು, ಅರೆ, ಇದನ್ನ ಯಾರೋ ಒಬ್ಬರು ಕಟ್ತಿದ್ರು, ಈಗ ಇನ್ಯಾರೋ ಕಟ್ತಿದ್ದಾರೆ ಅಂತ. ಮೊದಲಿನವರಿಗೆ ಏನಾಯ್ತು? ಹುಷಾರಾಗಿದ್ದಾರಾ?"

ಯಜಮಾನ ಕೈಯಲ್ಲಿದ್ದ ವಾಕಿಟಾಕಿಯನ್ನೇ ನೋಡಿದ. "ಹುಷಾರಾಗಿದ್ದಾರೆ. ಕೆಲಸ ಬಿಟ್ರು. ಈಗ ಕಟ್ತಿರೋದು ನಾನು. ನಾನು... ಹೋಟೆಲಿನ ಯಜಮಾನ."

ಮೇಲಿನಿಂದ ಕರಕರ ಸದ್ದಿನೊಡನೆ ಗಹಗಹಿಸಿದ ನಗು ಕೇಳಿತು.

"ಅಯ್ಯಯ್ಯೋ! ಯಜಮಾನರಿಗೇ ಟಿಪ್ಸ್ ಕೊಟ್ಟುಬಿಟ್ನಾ?"

"ವಾಪಸ್ ಕಳಿಸ್ಲಾ? ಹಗ್ಗ ಇಳಿಸಿ."

"ಬೇಡಪ್ಪ ಬೇಡ. ನೀವೂ ಚೆನ್ನಾಗೇ ಕಟ್ತೀರಿ. ಆದ್ರೆ ಅವರು ಯಾಕೆ ಬಿಟ್ರು?"

ಮನೆಯಲ್ಲಿ ಕೆಲಸ ಜಾಸ್ತಿ ಎಂಬ ಮಾತು ಯಜಮಾನನ ನಾಲಿಗೆಯವರೆಗೆ ಬಂತು. ಅದು ಎಡಚಮ್ಮ ಹೇಳಿದಾಗಲೇ ಸುಳ್ಳಿನಂತೆ ಕೇಳಿದ್ದು ಅವನಿಗೆ ಈಗ ನೆನಪಾಯಿತು. ಅವನು ಕೇಳಿ ಸುಮ್ಮನಾಗಿದ್ದ, ಅಷ್ಟೆ.

ಹೋಟೆಲಿಗೆ ಬಂದು ಓಟದಕ್ಕನಿಗೆ ಎಲ್ಲ ಹೇಳಿದ. ಅವಳ ಮುಖ ಸಣ್ಣದಾಯಿತು. "ಇಷ್ಟು ದಿನ ನನಗೆ ಅಂತ್ಲೇ ಅಂದ್ಕೊಂಡಿದ್ದೆ. ಯಾರೂ ಹೇಳಿರ್ಲಿಲ್ವಲ್ಲ."

"ನಿಮ್ಮದೇನೂ ತಪ್ಪಿಲ್ಲ. ಅವಳು ಈಗ ಎಲ್ಲಿದ್ದಾಳೆ, ಗೊತ್ತಾ?"

"ದೊಡ್ಡ ಔಷಧಿ ಅಂಗಡಿ ಹಿಂದೆ ಲಾಂಡ್ರಿ ಇದೆಯಲ್ಲ, ಅಲ್ಲಿ ಇಸ್ತ್ರಿ ಮಾಡ್ತಾಳೆ."

ಸಂಜೆಯ ಗಿರಾಕಿ ಬರುವ ಮುನ್ನ ಯಜಮಾನ ಲಾಂಡ್ರಿಗೆ ಹೋದ. ಎಡಚಮ್ಮ ಅವನನ್ನು ಕಂಡು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. ಕೈ ಹಾಗೆಯೇ ಸೆರಗಿಗೆ ಹೋಯಿತು.

"ಏನ್ ಯಜಮಾನ್ರೇ, ಇಷ್ಟು ದೂರ? ಬಟ್ಟೆ ಕೊಡೋದಿತ್ತಾ?"

ಅವನು ನೋಟುಗಳನ್ನು ಮುಂದೆ ಹಿಡಿದು ಕ್ರೇನಿನ ಕಥೆ ಹೇಳಿದ. ಅವಳು ದುಡ್ಡಿನ ಕಡೆ ನೋಡಲೇ ಇಲ್ಲ. ಕಣ್ಣರಳಿಸಿ ಕೇಳಿದಳು. "ಕ್ರೇನಿನ ಮೇಲಕ್ಕಾ? ಅಷ್ಟು ಎತ್ತರಕ್ಕೆ ನನ್ನ ಗಂಟು ಹೋಗ್ತಿತ್ತಾ? ಬಿಚ್ಚಿಕೊಳ್ಳಲಿಲ್ವಾ?"

"ಒಂದು ದಿನವೂ ಇಲ್ವಂತೆ. ನೀನು ಯಾಕೆ ಬಿಟ್ಟೆ, ಈಗಲಾದ್ರೂ ಹೇಳು. ಸಂಬಳ ಸಾಲ್ತಿರ್ಲಿಲ್ವಾ?"

"ಸಂಬಳಕ್ಕೆ ಏನಾಗಿತ್ತು, ಇಲ್ಲಿಗಿಂತ ಅಲ್ಲೇ ಚೆನ್ನಾಗಿತ್ತು." ಅವಳು ಮಡಚಿದ ಅಂಗಿಯೊಂದನ್ನು ಬಿಚ್ಚಿ ಮತ್ತೆ ಮಡಚಿದಳು. "ಸಾಯಂಕಾಲ ಸಪ್ಲೈಯರ್‌ಗಳೆಲ್ಲ ಟಿಪ್ಸ್ ಹಂಚ್ಕೋತಾರಲ್ಲ, ಆಗ ನಾನು ಎಲ್ಲಿ ನಿಂತ್ಕೋಬೇಕು ಅಂತ ಗೊತ್ತಾಗ್ತಿರ್ಲಿಲ್ಲ. ಒರೆಸಿದ ಮೇಜನ್ನೇ ಒರೆಸ್ತಾ ಇರ್ತಿದ್ದೆ. ದುಡ್ಡಿನ ಮಾತಲ್ಲ ಯಜಮಾನ್ರೇ. ಅವರು ನಗ್ತಾ ಇರ್ತಾರೆ, ನಾನು ಒರೆಸ್ತಾ ಇರ್ತೀನಿ. ದಿನಾ."

ಯಜಮಾನನಿಗೆ ಆ ಸಂಜೆಗಳು ಕಣ್ಣಿಗೆ ಕಟ್ಟಿದವು. ಅವನು ಗಲ್ಲಾದ ಹತ್ತಿರವೇ ಇರುತ್ತಿದ್ದ. ಮೇಜು ಹೊಳೆಯುವುದನ್ನು ನೋಡಿ ಒಮ್ಮೆ ಹೊಗಳಿಯೂ ಇದ್ದ.

"ವಾಪಸ್ ಬಾ," ಎಂದ.

"ಬಂದ್ರೆ ಮತ್ತೆ ಒರೆಸೋದು ತಾನೇ?"

"ಇಲ್ಲ. ಮಾತಾಡಿ ಬರ್ತೀನಿ."

ಮಾತು ಸಲೀಸಾಗಿ ಮುಗಿಯಲಿಲ್ಲ. ಮೇಜಿನ ಟಿಪ್ಸಿಗೆ ಕೈ ಹಾಕಿದರೆ ತಾನು ನಾಳೆಯಿಂದಲೇ ಬರುವುದಿಲ್ಲವೆಂದು ಹಿರಿಯ ಸಪ್ಲೈಯರ್ ಟವೆಲ್ ಕೊಡವಿದ. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ ಎಲ್ಲರಿಗೂ ಹಂಚಬೇಕೆಂದು ಅಡುಗೆಯವನು ಒಳಗಿನಿಂದ ಕೂಗಿದ. ಸೂಪು ಮಾಡಿದವನು ತಾನೇ ಅಲ್ಲವೇ ಎಂದು ಕೇಳಿದ. ಪಾತ್ರೆ ತೊಳೆಯುವವನೂ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತ. ಯಜಮಾನನಿಗೆ ಎಳೆ ಎಳೆದಷ್ಟೂ ಉದ್ದವಾಗುತ್ತಿದೆ ಅನ್ನಿಸಿತು.

ಕೊನೆಗೆ ಬಾಯಿಬಿಟ್ಟವಳು ಓಟದಕ್ಕ. "ನನ್ನದರಿಂದ ಶುರು ಮಾಡಿ. ಗಾಡಿ ಹತ್ರ ಸಿಗೋದ್ರಲ್ಲಿ ಅರ್ಧ ಅವಳಿಗೆ. ಅವಳು ಗಟ್ಟಿಯಾಗಿ ಕಟ್ಟಿರೋದಕ್ಕೇ ನಾನು ಓಡೋದು. ಮಿಕ್ಕಿದ್ದು ನೀವು ನೀವೇ ನೋಡ್ಕೊಳ್ಳಿ."

ಹೆಂಡತಿ ಗಲ್ಲಾದಿಂದ ಎದ್ದು ಬಂದಳು. "ಒಳಗಿನವರಿಗೆ ತಿಂಗಳಿಗೆ ಇಷ್ಟು ಅಂತ ನಾವು ಸೇರಿಸೋಣ ರೀ. ಗಿರಾಕಿಗೆ ಅಡುಗೆಮನೆ ಕಾಣಲ್ಲ. ನಮಗೆ ಕಾಣುತ್ತಲ್ಲ." ಅಡುಗೆಯವನು ಗೊಣಗುವುದನ್ನು ನಿಲ್ಲಿಸಿದ. ಸಪ್ಲೈಯರ್ ಮಾತ್ರ ಎರಡು ದಿನ ಯಜಮಾನನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಎಡಚಮ್ಮ ಮುಂದಿನ ಸೋಮವಾರ ಬಂದಳು. ಯಜಮಾನ ಕೊಟ್ಟ ನೋಟುಗಳಲ್ಲಿ ಒಂದನ್ನು ಹಿಂದಿರುಗಿಸಿ, "ಇದು ನೀವು ಕಟ್ಟಿದ್ದಕ್ಕೆ," ಎಂದಳು. ಅವನು ಬೇಡವೆನ್ನಲಿಲ್ಲ. ಸಂಜೆ ಬೇಕರಿಯಲ್ಲಿ ಬ್ರೆಡ್ ಕಟ್ಟಿಸಿಕೊಂಡಾಗ ಅದನ್ನು ಕಟ್ಟಿಕೊಟ್ಟ ಹುಡುಗಿಯ ಮುಂದಿಟ್ಟ. ಅವಳು ಚಿಲ್ಲರೆ ಕೊಡಲು ಹೋದಳು. ಚಿಲ್ಲರೆ ಬೇಡವೆಂದು ಅವಳಿಗೆ ತಿಳಿಸುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು. ಕೊಡುವುದೂ ಇಷ್ಟು ಕಷ್ಟವೇ ಎಂದು ಅಚ್ಚರಿಪಟ್ಟುಕೊಂಡು ಮನೆಗೆ ನಡೆದ.

ಎಡಚಮ್ಮನಿಗೆ ಮಾತ್ರ ಒಂದೇ ಕುತೂಹಲ. ಆ ವಾರದಲ್ಲೇ ಒಂದು ಮಧ್ಯಾಹ್ನ, ಅರ್ಧ ಗಂಟೆ ಬಿಡುವು ಕೇಳಿಕೊಂಡು, ತಾನು ಕಟ್ಟಿದ ಪೊಟ್ಟಣದ ಜೊತೆ ತಾನೂ ಪಿಕಪ್ ಗಾಡಿ ಹತ್ತಿದಳು. ಬೇಲಿಯ ಪಕ್ಕ ದೊಗಲೆ ಹೆಲ್ಮೆಟ್ಟನ್ನು ಹಿಂದಕ್ಕೆ ಒತ್ತಿ ಹಿಡಿದು, ಕುತ್ತಿಗೆ ನೋಯುವವರೆಗೆ ಮೇಲೆ ನೋಡಿದಳು. ಪೊಟ್ಟಣ ಏರಿತು, ತಿರುಗಿತು, ಚುಕ್ಕೆಯಾಯಿತು, ಗೂಡಿನೊಳಗೆ ಮಾಯವಾಯಿತು.

"ಅಬ್ಬ," ಎಂದಳು.

ವಾಕಿಟಾಕಿ ಕರಗುಟ್ಟಿತು. "ಕೊನೆ ಎಡಕ್ಕಿದೆಯಲ್ಲ! ಕೆಳಗಿರೋದು ಅವರೇನಾ?"

ಡ್ರೈವರ್ ಅದನ್ನು ಅವಳ ಕಡೆ ಚಾಚಿದ. ಎಡಚಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನೇ," ಎಂದಳು.

"ಊಟ ಆಯ್ತಾ?" ಎಂದು ಕೇಳಿತು ಮೇಲಿನ ದನಿ.

"ಇನ್ನೂ ಇಲ್ಲಮ್ಮ. ನೀವು ಮಾಡಿ, ಆರುತ್ತೆ. ನಾನು ಹೋಗಿ ಮಾಡ್ತೀನಿ."