ಚೀಟಿ ಅಂಟಿಸಿದವನು

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಬೆಂಕಿ ನಂದಿಸುವ ಸಿಲಿಂಡರುಗಳಿಗೆ ಪುಡಿ ತುಂಬುವುದು ಮರೆಪ್ಪನ ಕೆಲಸ. ತುಂಬುವುದು ದೊಡ್ಡ ಕಂಪನಿಗಳಿಂದ ಬಂದವಕ್ಕೆ ಮಾತ್ರ. ಮಾರತ್ತಹಳ್ಳಿಯ ಪಿಜಿ ಹಾಸ್ಟೆಲುಗಳಿಂದ ಬಂದವನ್ನು ಬಟ್ಟೆಯಲ್ಲಿ ಒರೆಸಿ, ಹಳೆಯ ಚೀಟಿ ಕಿತ್ತು, ಮುಂದಿನ ವರ್ಷದ ತಾರೀಖಿನ ಹೊಸ ಚೀಟಿ ಅಂಟಿಸಿ ವಾಪಸು ಕಳಿಸುವುದು.

ಶೆಡ್ಡಿನ ಮಾಲೀಕ ಜ್ಞಾನಪ್ರಕಾಶ, ಮರೆಪ್ಪ ಹೋಗುವ ಚರ್ಚಿನ ಕಾರ್ಯದರ್ಶಿ. ರಾಯಚೂರಿನಿಂದ ಬಂದ ಮರೆಪ್ಪನಿಗೆ ಕೆಲಸ ಸಿಕ್ಕಿದ್ದೂ ಆ ಗುರುತಿನಿಂದಲೇ. ಭಾನುವಾರ ಬಿಳಿ ಅಂಗಿ ತೊಟ್ಟು ಚರ್ಚಿನಲ್ಲಿ ಮಾತಿಗೆ ನಿಂತರೆ ಜ್ಞಾನಪ್ರಕಾಶನ ದನಿ ಭಕ್ತಿಯಿಂದ ನಡುಗುತ್ತಿತ್ತು.

"ಅನ್ನಕ್ಕೆ ಹಸಿದ ಹಾಗೆ ನೀತಿಗೆ ಹಸೀಬೇಕು, ಬ್ರದರ್ಸ್! ಆಫೀಸಲ್ಲಿ, ಫ್ಯಾಕ್ಟರೀಲಿ, ಬಸ್ಸಲ್ಲಿ!"

ಹಿಂದಿನ ಬೆಂಚಿನಲ್ಲಿ ಮರೆಪ್ಪ ತುಟಿ ಕಚ್ಚಿ ನಗು ತಡೆಯುತ್ತಿದ್ದ. ಥೂ, ಈತನ ನೀತಿಯ ಹಸಿವು ಬಿರಿಯಾನಿಯ ವಾಸನೆ ಬರುವ ತನಕ! ಮನೆಗೆ ಬಂದು ಹೆಂಡತಿ ಶೇಖವ್ವನ ಮುಂದೆ ಆ ನಡುಗುವ ದನಿಯನ್ನು ಅಣಕಿಸುವುದೇ ಅವನ ವಾರದ ಸುಖ. ಎರಡು ವರ್ಷ ಹೀಗೇ ನಡೆಯಿತು.

ಒಂದು ಭಾನುವಾರ ರೊಟ್ಟಿ ಬಡಿಯುತ್ತಿದ್ದ ಶೇಖವ್ವ ನಗಲಿಲ್ಲ. "ಚೀಟಿ ಯಾರು ಹಚ್ತಾರ?" ಎಂದಳು.

"ಶೆಡ್ಡಿನ್ಯಾಗ ಹಚ್ತಾರ."

"ಶೆಡ್ಡಿಗೆ ಕೈ ಅದಾವೇನು?"

ಮರೆಪ್ಪ ಸಿಟ್ಟಿನಿಂದ ಎದ್ದು ಹೊರಗೆ ಹೋದ. ಮಾಲೀಕನನ್ನು ಹೀನಾಯವಾಗಿ ಕಂಡಷ್ಟೂ ತಾನು ಒಳ್ಳೆಯವನಾದಂತೆ ಅವನು ತಿಳಿದಿದ್ದ. ಅಂದು ರೊಟ್ಟಿ ತಿನ್ನಲಾಗಲಿಲ್ಲ.

ಆ ವಾರವೇ ಚರ್ಚಿನ ಸಂಡೇ ಸ್ಕೂಲಿನ ಎರಡು ಸಿಲಿಂಡರ್ ಶೆಡ್ಡಿಗೆ ಬಂದವು.

"ಇವನ್ನ ಸರಿಯಾಗಿ ತುಂಬಪ್ಪ. ಮಕ್ಕಳಿರೋ ಜಾಗ," ಎಂದ ಜ್ಞಾನಪ್ರಕಾಶ.

"ಪಿಜಿಯಾಗ ಇರೋರು ಯಾರ ಮಕ್ಕಳ್ರೀ ಸಾರ್?"

ಜ್ಞಾನಪ್ರಕಾಶ ಮುಗುಳ್ನಕ್ಕ. "ಯಜಮಾನರ ಮಾತು ಕೇಳಬೇಕು ಅಂತಲೂ ಬೈಬಲಲ್ಲಿ ಬರೆದಿದೆ. ಓದಿಲ್ವಾ?"

"ಇನ್ನ ನಾ ಚೀಟಿ ಹಚ್ಚಂಗಿಲ್ರೀ."

"ಹಾಗಾದ್ರೆ ನಾಳೆಯಿಂದ ಬರ್ಬೇಡ. ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ."

ಮರುದಿನ ಮರೆಪ್ಪ ಮಾರತ್ತಹಳ್ಳಿಗೆ ಹೋದ. ತಾನೇ ಸಿಲಿಂಡರ್ ತಲುಪಿಸುತ್ತಿದ್ದ ಹುಡುಗಿಯರ ಪಿಜಿಯ ಗೇಟಿನಲ್ಲಿ ಒಡತಿ ನಾಗಲಕ್ಷ್ಮಮ್ಮ ಕುಳಿತಿದ್ದಳು. ಅವನು ಎಲ್ಲವನ್ನೂ ಹೇಳಿದ. ಆಕೆ ಹಲ್ಲಿನ ಸಂದಿನಿಂದ ಅಡಿಕೆ ಚೂರು ತೆಗೆಯುತ್ತ ಕೇಳಿದಳು.

"ಗೊತ್ತು ಕಣಪ್ಪ. ತುಂಬ್ಸಿದ್ರೆ ಅಷ್ಟು ಕಮ್ಮಿಗೆ ಯಾವನ್ ಕೊಡ್ತಾನೆ? ನೀನ್ಯಾವ ದೊಡ್ಡ ಸತ್ಯವಂತ ಬಂದ್ಬಿಟ್ಟೆ?"

ಮರೆಪ್ಪನಿಗೆ ಅವಳ ಮೇಲೆ ಉಗಿಯುವಷ್ಟು ಹೇಸಿಗೆಯಾಯಿತು. ಆದರೆ ಉಗಿದು ಮನೆಗೆ ಹೋದರೆ, ಮಾಲೀಕನನ್ನು ಅಣಕಿಸಿ ಸುಮ್ಮನಾಗುತ್ತಿದ್ದ ಅದೇ ಕತೆ ಮತ್ತೆ. ಅವನು ಆಕೆಯನ್ನು ದಾಟಿ ಮೆಟ್ಟಿಲು ಹತ್ತಿದ. ನಾಲ್ಕು ಮಹಡಿಯಲ್ಲೂ ತಾನು ಅಂಟಿಸಿದ ಚೀಟಿಗಳನ್ನು ಉಗುರಿನಿಂದ ಕೆರೆದು ಕಿತ್ತ. ಹುಡುಗಿಯರು ಬಾಗಿಲಿಗೆ ಬಂದರು.

"ಇದರಾಗಿನ ಪುಡಿ ಗಟ್ಟಿಯಾಗೈತ್ರೀ ಅಕ್ಕಾರ. ಬೆಂಕಿ ಬಿದ್ರ ಇದನ್ನ ನಂಬಬ್ಯಾಡ್ರಿ. ಸುಳ್ಳು ಚೀಟಿ ಹಚ್ಚಿದಾಂವ ನಾನ." ನಾಚಿಕೆಯಿಂದ ಅವನ ಕಿವಿಗಳು ಸುಡುತ್ತಿದ್ದವು. ನಾಗಲಕ್ಷ್ಮಮ್ಮ ಕೂಗಾಡುತ್ತ ಅವನನ್ನು ಹೊರಹಾಕಿಸಿದಳು.

ಮೂರನೇ ದಿನ ಅವಳದೇ ಫೋನು. "ದರಿದ್ರದವನೇ, ಹುಡ್ಗೀರೆಲ್ಲ ರೂಮು ಖಾಲಿ ಮಾಡ್ತೀವಿ ಅಂತ ಕೂತವ್ರೆ. ನಿಜವಾಗ್ಲೂ ತುಂಬೋನ ನಂಬರ್ ಕೊಡು." ಮರೆಪ್ಪ ಕೊಟ್ಟ.

ಆ ಭಾನುವಾರ ಜ್ಞಾನಪ್ರಕಾಶ, ದಾರಿ ತಪ್ಪಿದ ಒಬ್ಬ ಸಹೋದರನಿಗಾಗಿ ಎಲ್ಲರೂ ಪ್ರಾರ್ಥಿಸಬೇಕೆಂದು ಕೇಳಿಕೊಂಡ. ಮರೆಪ್ಪನೂ ಎದ್ದು ನಿಂತು ಪ್ರಾರ್ಥಿಸಿದ. ಜ್ಞಾನಪ್ರಕಾಶನನ್ನು ಕಂಡರೆ ಅವನಿಗೆ ಈಗಲೂ ಅಸಹ್ಯವೇ. ಸಂಜೆ ಅವನು ಅಣಕಿಸಲಿಲ್ಲ.

"ಇನ್ನ ಆರು ಪಿಜಿ ಉಳದಾವ," ಎಂದ. "ನಾಳೆ ಹೊಂಟೀನಿ."

ಶೇಖವ್ವ ಅವನ ಬುತ್ತಿಗೆಂದು ಎರಡು ರೊಟ್ಟಿ ಹೆಚ್ಚಿಗೆ ಬಡಿದಳು.